ಜೋಳದ ಕಾಳಿನೊಳಗೆ ಅಡಗಿ ಕುಳಿತವಳು

ಇದರೊಳಗೆ ಆಕೆ ಇದ್ದಾಳೋ, ಇಲ್ಲವೋ?

ಸಂಗೊಳ್ಳಿಯ ಬಸ್ ನಿಲ್ದಾಣದಲ್ಲಿ ಇನ್ನೂ ಮಬ್ಬು. ಶಟ್ಟೆಪ್ಪ ಹಾಳೆಯನ್ನು ಬೀದಿದೀಪದ ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡುತ್ತಾರೆ. ಹಾಳೆಯ ತುಂಬ ಜೋಳದ ಕಾಳು. ಬಿಳಿ ಕಾಳಿನ ನಡುವೆ ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆಯ ಕಾಳು, ಅಂಗಳದಲ್ಲಿ ಒಣಗಲು ಹರವಿದಂತೆ. ಪ್ರೆಸ್ಸಿನವರು ಕಾಳುಗಳನ್ನು ಚೆನ್ನಾಗಿಯೇ ಮುದ್ರಿಸಿದ್ದಾರೆ. ಆದರೆ ಕಾಳು ನೋಡಲು ಯಾರೂ ದುಡ್ಡು ಕೊಡುವುದಿಲ್ಲ, ಅದು ಎಲ್ಲರ ಮನೆಯಲ್ಲೂ ಇದೆ. ಆ ಕಾಳಿನ ಹಿಂದೆ ಒಬ್ಬ ಹೆಣ್ಣುಮಗಳು ಕುಳಿತು ರೊಟ್ಟಿ ಬಡಿಯುತ್ತಿರಬೇಕು. ನೋಡುವವರ ಕಣ್ಣು ಸಡಿಲಾದ ಗಳಿಗೆಯಲ್ಲಿ ಆಕೆ ಹಾಳೆಯಿಂದ ಎದ್ದು ಮುಂದೆ ಬರಬೇಕು. ಬರುತ್ತಾಳೋ? ನಿನ್ನೆ ಸಂಜೆ ಹೊಸ ಹಾಳೆಗಳ ಕಟ್ಟು ಬಿಚ್ಚಿದಾಗಿನಿಂದ ಶಟ್ಟೆಪ್ಪನವರನ್ನು ಕಾಡುತ್ತಿರುವುದು ಇದೊಂದೇ ಪ್ರಶ್ನೆ. ಉತ್ತರವನ್ನು ತಾವೇ ಕಂಡುಕೊಳ್ಳುವಂತಿಲ್ಲ. ಹತ್ತಿರ ಹತ್ತಿರ ಮೂವತ್ತು ವರ್ಷ ಇಂಥ ಚಿತ್ರ ಮಾರಿಯೇ ಮನೆ ನಡೆಸಿದ ಅವರಿಗೆ ಈವರೆಗೆ ಒಂದೇ ಒಂದು ಚಿತ್ರವೂ ಕಂಡಿಲ್ಲ.

ಮೊದಲ ಬಸ್ಸು ಬರುತ್ತದೆ. ಹಾಳೆಯನ್ನು ಉಳಿದವುಗಳ ಜೊತೆ ಸುರುಳಿ ಸುತ್ತಿ, ನೀರಿನ ಪೈಪಿನ ತುಂಡಿನೊಳಗೆ ತೂರಿಸಿ, ಪೈಪನ್ನು ಕೂಸಿನ ಹಾಗೆ ಹೆಗಲಿಗೆ ಒರಗಿಸಿಕೊಂಡು ಅವರು ಹತ್ತುತ್ತಾರೆ.

‘ಏನಪಾ ಶಟ್ಟೆಪ್ಪ, ಪೈಪಿಗೂ ಅರ್ಧಾ ಟಿಕೀಟ ಹರೀಲೇನು?’ ಕಂಡಕ್ಟರ್ ಕೇಳುತ್ತಾರೆ. ವಾರಕ್ಕೊಮ್ಮೆಯಾದರೂ ಕೇಳುವ ಮಾತು ಇದು.

‘ಹರೀರಿ ಸಾಹೇಬ್ರ. ಖರೇ ಅದಕ್ಕ ಕಿಡಕಿ ಬಾಜೂ ಸೀಟ ಕೊಡಬೇಕ್ ನೋಡ್ರಿ.’

ಉತ್ತರವೂ ಹಳೆಯದೇ. ಮುಂದಿನ ಸೀಟಿನವರು ಹೊಸದಾಗಿ ನಗುತ್ತಾರೆ. ಶಟ್ಟೆಪ್ಪ ಕಿಟಕಿಯ ಪಕ್ಕ ಕುಳಿತು, ಪೈಪಿನ ಬಾಯಿಯನ್ನು ಅಂಗೈಯಿಂದ ಮುಚ್ಚಿಕೊಂಡೇ ಬೈಲಹೊಂಗಲದವರೆಗೂ ಹೋಗುತ್ತಾರೆ. ಇವತ್ತು ಯರಗಟ್ಟಿಯ ಸಂತೆ, ಅಲ್ಲಿ ಬಸ್ಸು ಬದಲಿಸಬೇಕು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಯರಗಟ್ಟಿ. ಯಾವ ಊರಿಗೆ ಯಾವ ದಿನ ಸಂತೆಯೋ ಆ ದಿನ ಅಲ್ಲಿ ಶಟ್ಟೆಪ್ಪನವರ ಹಗ್ಗ ಕಟ್ಟಿರುತ್ತದೆ. ನೈಲಾನ್ ಹಗ್ಗ, ಬಟ್ಟೆ ಒಣಹಾಕುವ ಕ್ಲಿಪ್ಪು, ಕ್ಲಿಪ್ಪಿಗೆ ಜೋತುಬಿದ್ದ ಬಣ್ಣದ ಹಾಳೆಗಳು. ದೂರದಿಂದ ನೋಡಿದರೆ ಸೀರೆ ಅಂಗಡಿಯ ಚೂರುಪಾರು ಅನ್ನಿಸುತ್ತದೆ. ಒಂದರಲ್ಲಿ ಬರೀ ಎಲೆ, ಒಂದರಲ್ಲಿ ಬರೀ ಚುಕ್ಕೆ, ಇನ್ನೊಂದರಲ್ಲಿ ನವಿಲುಗರಿಯ ಕಣ್ಣುಗಳ ಸಾಲು. ಒಂದೇ ವಿನ್ಯಾಸ ಮತ್ತೆ ಮತ್ತೆ ಬರುವಂತೆ ಅಚ್ಚು ಮಾಡಿ, ನಡುವೆ ಕೂದಲೆಳೆಯಷ್ಟು ಅತ್ತಿತ್ತ ಸರಿಸಿದ ಹಾಳೆ ಅದು. ಎರಡೂ ಕಣ್ಣನ್ನು ಸಡಿಲ ಬಿಟ್ಟು ಅದರ ಆಚೆಗೆ ನೋಡಿದರೆ ಎರಡು ಕಣ್ಣಿನ ನೋಟ ಒಂದಾಗಿ, ಎಲೆಗಳ ನಡುವಿನಿಂದ ಜಿಂಕೆಯೊಂದು ಮೈತುಂಬಿ ಎದ್ದು ನಿಲ್ಲುತ್ತದೆ. ಸಂತೆಯಲ್ಲಿ ಇದರ ಹೆಸರು ‘ತ್ರೀಡಿ ಹಾಳಿ’.

ಎರಡೂ ಕಣ್ಣು ಬೇಕು ಎನ್ನುವುದೇ ಶಟ್ಟೆಪ್ಪನವರ ತೊಡಕು. ಹುಡುಗರಾಗಿದ್ದಾಗ ಹತ್ತಿ ಹೊಲದಲ್ಲಿ ಓಡುತ್ತಿದ್ದವರಿಗೆ ಒಣ ಕಟ್ಟಿಗೆ ಚುಚ್ಚಿ ಎಡಗಣ್ಣು ಮಂದವಾಯಿತು. ಬೆಳಕು ಇದೆ, ಬಣ್ಣ ಇದೆ, ಗುರುತು ಇಲ್ಲ. ಬಲಗಣ್ಣಿನಿಂದ ಸೂಜಿಗೆ ದಾರ ಪೋಣಿಸುತ್ತಾರೆ. ಆದರೆ ತ್ರೀಡಿ ಹಾಳೆ ಒಂಟಿ ಕಣ್ಣಿಗೆ ಬಾಗಿಲು ತೆಗೆಯುವುದಿಲ್ಲ. ಇದನ್ನು ಅವರು ಮುಚ್ಚಿಟ್ಟಿಲ್ಲ. ‘ಯಾರರ ಕೇಳಿದ್ರ ಹೇಳತೇನ್ರಿ. ಯಾರೂ ಕೇಳೂದಿಲ್ಲ. ಮಾರಾಂವಗ ಕಾಣತಿರಬೇಕ ಅಂತ ಅವರ ಲೆಕ್ಕ.’

ಮಾರಾಟ ಶುರುವಾದದ್ದು ರಾಮದುರ್ಗದ ಬಸ್ ನಿಲ್ದಾಣದಲ್ಲಿ. ಆಗ ಅವರು ದೇವರ ಪಟ ಮತ್ತು ಕ್ಯಾಲೆಂಡರ್ ಮಾರುತ್ತಿದ್ದರು. ಮಿರಜಿನ ಸಗಟು ವ್ಯಾಪಾರಿಯೊಬ್ಬರು ಖರ್ಚಾಗದೆ ಉಳಿದ ಒಂದು ಕಟ್ಟನ್ನು ತಲೆಗೆ ಕಟ್ಟಿದರು. ಏನಿದು ಎಂದರೆ ಅವರಿಗೂ ಗೊತ್ತಿಲ್ಲ. ಗೋಡೆಗೆ ಹಚ್ಚುವ ಕಾಗದವಿರಬೇಕು ಎಂದುಕೊಂಡು ಶಟ್ಟೆಪ್ಪ ಪಟಗಳ ಪಕ್ಕ ತೂಗುಹಾಕಿದರು. ಊರಿಗೆ ಹೋಗಲು ಬಸ್ಸು ಕಾಯುತ್ತಿದ್ದ ಶಾಲೆ ಮಾಸ್ತರರೊಬ್ಬರು ಬೇಸರಕ್ಕೆ ಅದರ ಎದುರು ನಿಂತರು. ನಿಂತವರು ನಿಂತೇ ಇದ್ದರು. ಬಸ್ಸು ಬಂತು, ಮಂದಿ ಹತ್ತಿದರು, ಬಸ್ಸು ಹೋಯಿತು. ಮಾಸ್ತರರು ಮಿಸುಕಲಿಲ್ಲ. ಆಮೇಲೆ ಒಮ್ಮೆಲೇ ‘ಅಯ್ಯೋ, ಜಿಂಕಿ!’ ಎಂದು ಕೂಗಿ ಶಟ್ಟೆಪ್ಪನವರ ಹೆಗಲು ಹಿಡಿದು ಅಲುಗಿಸಿದರು.

‘ಅವತ್ತ ನಾ ಜಿಂಕಿ ನೋಡ್ಲಿಲ್ಲರಿ. ಮಾಸ್ತರ ಮಾರಿ ನೋಡ್ದೆ. ಬಸ್ ತಪ್ಪಿಸಿಕೊಂಡ ಮನಶ್ಯಾ ಹಂಗ ನಗೂದ ನಾ ಎಲ್ಲೂ ಕಂಡಿಲ್ಲ. ಆಗ ಅನ್ಕೊಂಡೆ, ಇದು ಮಾರೂ ಮಾಲು.’

ಮಾರುವ ಪದ್ಧತಿಯನ್ನು ಅವರೇ ಹುಡುಕಿಕೊಂಡರು. ಮೊದಲನೆಯ ನಿಯಮ, ಹಾಳೆ ಮುಟ್ಟುವಂತಿಲ್ಲ. ಸಂತೆಗೆ ಬಂದವರ ಕೈಯಲ್ಲಿ ಭಜಿಯ ಎಣ್ಣೆ, ಮೆಣಸಿನಕಾಯಿಯ ಖಾರ. ಹಾಳೆಯೂ ಕೆಡುತ್ತದೆ, ಅದೇ ಕೈ ಕಣ್ಣಿಗೆ ಹೋದರೆ ಚಿತ್ರದ ಮಾತು ಹಾಗಿರಲಿ, ಸಂತೆಯೇ ಕಾಣುವುದಿಲ್ಲ. ಹಾಗಾಗಿ ನೋಡುವವರು ಕೈಗಳನ್ನು ಬೆನ್ನ ಹಿಂದೆ ಕಟ್ಟಬೇಕು. ಮೀಸೆ ತಿರುವಿದ ಗೌಡರೂ ಶಟ್ಟೆಪ್ಪನವರ ಹಗ್ಗದ ಎದುರು ಒಂದನೇ ಇಯತ್ತೆಯ ಹುಡುಗರಂತೆ ಕೈಕಟ್ಟಿ ನಿಲ್ಲುತ್ತಾರೆ.

‘ಮೂಗ ಹಚ್ಚೂವಷ್ಟ ಸಮೀಪ ಬರ್ರಿ. ಈಗ ಸಾವಕಾಶ ಹಿಂದ ಸರೀರಿ. ಹಾಳಿ ನೋಡಬ್ಯಾಡ್ರಿ. ಹಾಳಿ ಹಿಂದ ದೂರದಾಗ ನಿಮ್ಮೂರ ಬಸ್ ಬರಾಕತ್ತೈತಿ ಅಂತ ತಿಳೀರಿ. ಆ ಬಸ್ ನೋಡ್ರಿ.’

ಎರಡನೆಯ ನಿಯಮ, ಕಂಡದ್ದನ್ನು ಕೂಗುವಂತಿಲ್ಲ. ಶಟ್ಟೆಪ್ಪನವರ ಕಿವಿಯಲ್ಲಿ ಹೇಳಬೇಕು. ಸರಿಯಾಗಿದ್ದರೆ ಅವರು ಗಂಟೆ ಹೊಡೆಯುತ್ತಾರೆ. ಹಳೆಯ ಸೈಕಲ್ಲಿನ ಗಂಟೆಯನ್ನು ಒಂದು ಮರದ ತುಂಡಿಗೆ ಬಿಗಿದಿಟ್ಟುಕೊಂಡಿದ್ದಾರೆ. ಟ್ರಿಣ್ ಎಂದರೆ ಸುತ್ತಲಿನವರು ತಿರುಗಿ ನೋಡುತ್ತಾರೆ, ಗೆದ್ದವರು ಎದೆಯುಬ್ಬಿಸುತ್ತಾರೆ, ಸಾಲಿನಲ್ಲಿ ಹಿಂದಿದ್ದವರು ಮುಂದೆ ನುಗ್ಗುತ್ತಾರೆ. ಗಂಟೆ ಹೊಡೆಸಿಕೊಂಡವರು ಹಾಳೆ ಕೊಳ್ಳದೆ ಹೋಗುವುದು ಅಪರೂಪ.

ಗಂಟೆಗೂ ಮುಂಚೆ ಒಂದು ಮೌನ ಇರುತ್ತದೆ. ಶಟ್ಟೆಪ್ಪನವರ ನಿಜವಾದ ಕಸುಬು ಆ ಮೌನದಲ್ಲಿದೆ. ಹುಬ್ಬಿನ ಗಂಟು ಬಿಡುತ್ತದೆ. ರೆಪ್ಪೆ ಅರ್ಧ ಇಳಿಯುತ್ತದೆ. ಉಸಿರು ಒಂದು ಗಳಿಗೆ ನಿಲ್ಲುತ್ತದೆ. ಇನ್ನೇನು ಕಂಡಿತು ಎನ್ನುವುದು ನೋಡುವವರಿಗಿಂತ ಮುಂಚೆ ಇವರಿಗೆ ಗೊತ್ತಾಗುತ್ತದೆ. ಆಗ ಅವರು ಮಾತು ನಿಲ್ಲಿಸುತ್ತಾರೆ, ಪಕ್ಕದಲ್ಲಿ ಗದ್ದಲ ಮಾಡುವವರನ್ನೂ ಕೈ ಸನ್ನೆಯಿಂದ ತಡೆಯುತ್ತಾರೆ. ಮಂದಿ ಚಿತ್ರ ನೋಡುತ್ತಾರೆ, ಇವರು ಮಂದಿಯ ಮುಖ ನೋಡುತ್ತಾರೆ.

ಹೊಸ ಕಟ್ಟು ಬಂದಾಗ ಅದರೊಳಗೇನಿದೆ ಎಂದು ಮೊದಲು ನೋಡಿ ಹೇಳುವವರು ಹೆಂಡತಿ ಲಗಮವ್ವ. ಅವರು ಮದುವೆಯಾಗಿ ಬಂದ ವರ್ಷದಿಂದ ಇದೇ ರೂಢಿ. ಒಲೆಯ ಮುಂದಿನ ಕೆಲಸ ಮುಗಿಸಿ, ಹಾಳೆಯನ್ನು ಗೋಡೆಗೆ ಒರಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಎದುರು ಕೂರುತ್ತಾರೆ. ‘ಮೀನ. ಎರಡ ಅದಾವ. ಒಂದು ಸಣ್ಣದು.’ ಶಟ್ಟೆಪ್ಪ ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಒಮ್ಮೆ ಬಣ್ಣ ಜಾರಿ ಕೆಟ್ಟ ಕಟ್ಟೊಂದು ಬಂದಾಗ ಲಗಮವ್ವ ‘ಇದರಾಗ ಏನೂ ಇಲ್ಲರಿ’ ಎಂದರು. ಇವರು ನಂಬಲಿಲ್ಲ, ನಿನಗ ನಿದ್ದಿ ಬಂದೈತಿ ಎಂದು ರೇಗಿಸಿ ಸವದತ್ತಿಗೆ ಹೊತ್ತೊಯ್ದರು. ಇಡೀ ದಿನ ಗಂಟೆ ಮಾತಾಡಲಿಲ್ಲ. ಆ ಕಟ್ಟು ಕೊನೆಗೆ ಮಗಳು ಮಾಲಾಳ ಪುಸ್ತಕಗಳಿಗೆ ರಟ್ಟಾಯಿತು. ಲಗಮವ್ವ ಈಗಲೂ ಅದನ್ನು ನೆನೆಸಿ ನಗುತ್ತಾರೆ.

ಈಗ ಮಿರಜಿನ ವ್ಯಾಪಾರಿ ಅಂಗಡಿ ಮುಚ್ಚಿದ್ದಾರೆ. ತ್ರೀಡಿ ಹಾಳೆ ಅಚ್ಚು ಹಾಕಿಸುವವರು ಸುತ್ತಮುತ್ತ ಯಾರೂ ಉಳಿದಿಲ್ಲ. ಹಗ್ಗದ ಮೇಲೆ ಹಳೆಯ ಹಾಳೆಗಳು ಒಂದೊಂದಾಗಿ ಕಡಿಮೆಯಾಗುತ್ತಿವೆ. ತಮ್ಮದೇ ಹಾಳೆ ಮಾಡಿಸಬೇಕು, ಇಲ್ಲವೇ ಹಗ್ಗ ಬಿಚ್ಚಬೇಕು. ಶಟ್ಟೆಪ್ಪ ಬೈಲಹೊಂಗಲದಲ್ಲಿ ಪ್ರಣಿತಾ ಅವರ ಫ್ಲೆಕ್ಸ್ ಅಂಗಡಿಯ ಮೆಟ್ಟಿಲು ಹತ್ತಿದರು. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ ಎಲ್ಲವನ್ನೂ ಒಂದೇ ಕಂಪ್ಯೂಟರಿನಲ್ಲಿ ಮಾಡುವ ಈ ತರುಣಿ, ಶಾಲೆಯ ದಿನಗಳಲ್ಲಿ ಶಟ್ಟೆಪ್ಪನವರ ಹಗ್ಗದೆದುರು ಕೈಕಟ್ಟಿ ನಿಂತು ಕಿವಿಯಲ್ಲಿ ‘ಮೀನ’ ಎಂದು ಹೇಳಿ ಗಂಟೆ ಹೊಡೆಸಿಕೊಂಡವರು.

‘ಕಾಕಾ, ಇದನ್ನ ಕಂಪ್ಯೂಟರ್‌ದಾಗ ಮಾಡಾಕ ಬರತೈತಿ’ ಎಂದು ಆಕೆ ಅಂದೇ ಹೇಳಿದ್ದರು. ‘ಒಳಗ ಏನ್ ಕೂಡ್ರಸೂಣು? ಹುಲಿ? ವಿಮಾನ?’

ಶಟ್ಟೆಪ್ಪ ಮೊಬೈಲು ತೆಗೆದು ಒಂದು ಫೋಟೊ ತೋರಿಸಿದರು. ಒಲೆಯ ಮುಂದೆ ಕುಳಿತ ಹೆಂಗಸು, ಬಗ್ಗಿದ ತಲೆ, ಕೆಳಗೆ ಹಿಟ್ಟು ತಟ್ಟುವ ಕೊಣಮಿಗೆಯಲ್ಲಿ ದುಂಡನೆಯ ರೊಟ್ಟಿ, ಬಡಿಯಲು ಎತ್ತಿದ ಕೈ. ಬಾಗಿಲಲ್ಲಿ ನಿಂತು ತೆಗೆದದ್ದು. ಆಕೆಯ ಗಮನ ರೊಟ್ಟಿಯ ಮೇಲಿದೆ.

‘ಯಾರಿದು ಕಾಕಾ?’

‘ಯಾರರ ಆಗಲಿ ಬಿಡವಾ. ರೊಟ್ಟಿ ದುಂಡಗ ಬರಬೇಕು, ಕೈ ಚಂದ ಬರಬೇಕು.’

ಮುಖ ಬರುವುದಿಲ್ಲ, ಮೈಯ ಆಕಾರ ಮಾತ್ರ ಎದ್ದು ಕಾಣುತ್ತದೆ ಎಂದು ಪ್ರಣಿತಾ ತಿಳಿಸಿ ಹೇಳಿದರು. ಶಟ್ಟೆಪ್ಪ ಅಷ್ಟು ಸಾಕು ಎಂದರು. ಮೇಲೆ ಹರಡಲು ಜೋಳದ ಕಾಳಿನ ಚಿತ್ರ ಆರಿಸಿದ್ದು ಅವರೇ. ಕಾಗದ ಉಳಿಯಲೆಂದು ಹಾಳೆಯನ್ನು ಚೌಕವಾಗಿ ಕತ್ತರಿಸುವುದು ಎಂದಾಯಿತು. ಕೊನೆಗೆ ಪ್ರಣಿತಾ ಕೇಳಿದರು: ‘ತೆಳಗ ನಿಮ್ಮ ಹೆಸರ ಹಾಕಲೇನ್ ಕಾಕಾ? ಮಿರಜ ಹಾಳಿಗೆ ಪ್ರೆಸ್ಸಿನವರ ಹೆಸರ ಇರತಿತ್ತಲಾ.’

‘ನನ್ನ ಹೆಸರ ಯಾಕವಾ? ನಾ ಏನ್ ಮಾಡೇನಿ ಅದರಾಗ? ಬ್ಯಾಡ, ಬ್ಯಾಡ.’

ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಚೆನ್ನಾಗಿ ಕಂಡಿತೆಂದು ಪ್ರಣಿತಾ ಹೇಳಿದ್ದಾರೆ. ಕಾಗದದ ಮೇಲೆ ಬಂದಮೇಲೆ ನೋಡಿದವರಿಲ್ಲ. ಅಚ್ಚಾದ ಕಟ್ಟು ನೇರವಾಗಿ ಪ್ರೆಸ್ಸಿನಿಂದ ಬಸ್ಸಿನಲ್ಲಿ ಸಂಗೊಳ್ಳಿಗೆ ಬಂದಿದೆ. ನೋಡಿ ಹೇಳಬೇಕಾದ ಲಗಮವ್ವ ರಾಮದುರ್ಗದಲ್ಲಿ, ಮಾಲಾಳ ಬಾಣಂತನದಲ್ಲಿದ್ದಾರೆ. ಇವತ್ತು ಮಧ್ಯಾಹ್ನದ ಬಸ್ಸಿಗೆ ಹೊರಟು ಯರಗಟ್ಟಿಯಲ್ಲಿ ಇಳಿಯುತ್ತಾರೆ. ಅಲ್ಲಿಂದ ಇಬ್ಬರೂ ಕೂಡಿ ಊರಿಗೆ. ಅಷ್ಟರೊಳಗೆ ಗಂಟೆ ಒಂದು ಸಲವಾದರೂ ಹೊಸ ಹಾಳೆಗಾಗಿ ಹೊಡೆಯಬೇಕು ಎನ್ನುವುದು ಶಟ್ಟೆಪ್ಪನವರ ಆಸೆ.

ಯರಗಟ್ಟಿಯಲ್ಲಿ ಹಗ್ಗದ ಒಂದು ತುದಿ ಬೇವಿನ ಮರಕ್ಕೆ, ಇನ್ನೊಂದು ತುದಿ ಮಹಾಂತಪ್ಪನವರ ಬೀಜ-ಗೊಬ್ಬರದ ಅಂಗಡಿಯ ಕಂಬಕ್ಕೆ. ಕಂಬ ಕೊಟ್ಟ ಹಕ್ಕಿನಿಂದ ಮಹಾಂತಪ್ಪ ಪ್ರತಿ ಸಂತೆಗೂ ಒಮ್ಮೆ ಬಂದು ಕೈಕಟ್ಟಿ ನಿಲ್ಲುತ್ತಾರೆ. ಅವರಿಗೆ ಇನ್ನೂ ಒಂದೂ ಚಿತ್ರ ಕಂಡಿಲ್ಲ. ಎರಡೂ ಕಣ್ಣು ನೆಟ್ಟಗಿವೆ, ಪುರುಸೊತ್ತಿಲ್ಲ ಅಷ್ಟೆ. ನೋಡುತ್ತ ನೋಡುತ್ತ ಅಂಗಡಿಯಲ್ಲಿ ಗಿರಾಕಿ ಬಂದರೇ ಎಂದು ತಿರುಗುತ್ತಾರೆ. ಆಮೇಲೆ ಕಿವಿಯಲ್ಲಿ ಅಂದಾಜಿನ ಮೇಲೆ ‘ಆನಿ?’ ಎನ್ನುತ್ತಾರೆ.

‘ಅಲ್ಲರಿ ಸಾವಕಾರ್ರ.’

‘ಯಾವಾಗ್ ಬಂದೀತೋ ಮಾರಾಯಾ ನಿನ್ನ ಆನಿ? ಮುಂದಿನ ವಾರ ಒಂದ ಆನಿ ಇಡು, ನಾನೂ ಒಮ್ಮಿ ಗಂಟಿ ಹೊಡಿಸ್ಕೋತೇನಿ.’

ಹಗ್ಗದ ಕೆಳಗೇ ಮೆಣಸಿನಕಾಯಿ ಮಾರುವ ಗುರುಬಸವ್ವನವರ ಜಾಗ. ಚೀಲಗಳ ನಡುವೆ ಕುಳಿತು, ತೂಗುತ್ತ, ಬಯ್ಯುತ್ತ, ನಡುವೆ ತಲೆಯೆತ್ತಿ ಹಾಳೆ ನೋಡುತ್ತ ಅವರ ಕಣ್ಣು ಎಷ್ಟು ಪಳಗಿದೆಯೆಂದರೆ ಬೆಲೆ ಹೇಳುವಷ್ಟರಲ್ಲಿ ಜಿಂಕೆಯನ್ನು ನೋಡಿ ಮುಗಿಸಿರುತ್ತಾರೆ. ಶಟ್ಟೆಪ್ಪ ಹೊಸ ಹಾಳೆಯನ್ನು ಹಗ್ಗದ ನಟ್ಟನಡುವೆ ಸಿಕ್ಕಿಸಿ, ಗುರುಬಸವ್ವನವರ ಮುಖ ನೋಡುತ್ತಾರೆ.

ಗುರುಬಸವ್ವ ನೋಡುತ್ತಾರೆ. ಕಣ್ಣು ಕಿರಿದು ಮಾಡುತ್ತಾರೆ. ಮತ್ತೆ ನೋಡುತ್ತಾರೆ.

‘ಜ್ವಾಳ ಅದಾವಲ್ಲೋ ತಮ್ಮಾ.’

‘ಜ್ವಾಳದ ಹಿಂದ ನೋಡ ಅಕ್ಕಾ.’

‘ಹಿಂದ ಬೇವಿನ ಗಿಡ ಐತಿ.’

ಸಂತೆ ತುಂಬುತ್ತದೆ. ಹಳೆಯ ಹಾಳೆಗಳಿಗೆ ಗಂಟೆ ಹೊಡೆಯುತ್ತಲೇ ಇದೆ. ಜಿಂಕೆಗೆ ಟ್ರಿಣ್, ಮೀನಿಗೆ ಟ್ರಿಣ್. ಗಂಟೆ ಹೊಡೆಸಿಕೊಂಡವರು ಉಮೇದಿನಿಂದ ಜೋಳದ ಹಾಳೆಯ ಮುಂದೆ ಬರುತ್ತಾರೆ, ಮೂಗು ಹಚ್ಚುತ್ತಾರೆ, ಹಿಂದೆ ಸರಿಯುತ್ತಾರೆ, ಹಿಂದಿನವರ ಕಾಲು ತುಳಿಯುತ್ತಾರೆ. ಹುಬ್ಬಿನ ಗಂಟು ಬಿಡುವುದಿಲ್ಲ. ಶಟ್ಟೆಪ್ಪ ಕಾಯುವ ಆ ಮೌನ ಯಾರ ಮುಖಕ್ಕೂ ಬರುವುದಿಲ್ಲ. ಒಬ್ಬರು ‘ಇದಕ್ಕ ಬ್ಯಾರೆ ಕಣ್ಣ ತರಬೇಕೇನ್ರಿ?’ ಎಂದು ಕೇಳಿ ಹೋಗುತ್ತಾರೆ. ಇನ್ನೊಬ್ಬರು ‘ಕಾಳ ಮಾತ್ರ ಚಲೋ ಅದಾವ, ಕ್ವಿಂಟಲ್‌ಕ ಹೆಂಗ?’ ಎನ್ನುತ್ತಾರೆ. ಸುತ್ತಲಿನವರು ನಗುತ್ತಾರೆ, ಶಟ್ಟೆಪ್ಪನವರೂ ನಗುತ್ತಾರೆ. ನಕ್ಕಾದ ಮೇಲೆ ಕೈಯಲ್ಲಿನ ಗಂಟೆಯನ್ನು ಸುಮ್ಮನೆ ಒರೆಸುತ್ತಾರೆ.

ಮಹಾಂತಪ್ಪನವರಿಗಂತೂ ಹಬ್ಬ. ‘ನೋಡೋ ಶಟ್ಟೆಪ್ಪ, ಇಷ್ಟ ದಿನಾ ನಾ ಒಬ್ಬಾಂವ ಫೇಲಾಗತಿದ್ದೆ. ಇವತ್ತ ಯರಗಟ್ಟಿ ಮಂದಿ ಎಲ್ಲಾರೂ ನನ್ನ ಸಾಲಿಗೆ ಬಂದ್ರು!’

ಬಿಸಿಲು ಏರಿದ ಹಾಗೆ ಶಟ್ಟೆಪ್ಪನವರ ಅನುಮಾನವೂ ಏರುತ್ತದೆ. ಬಣ್ಣ ಜಾರಿರಬೇಕು. ಸವದತ್ತಿಯ ಆ ದಿನದ ಹಾಗೆಯೇ. ಅಥವಾ ಪ್ರಣಿತಾ ಕಾಕಾನ ಮನಸ್ಸು ನೋಯಿಸಬಾರದೆಂದು ಕಂಡಿತು ಎಂದು ಹೇಳಿರಬಹುದೇ? ಛೇ, ಆಕೆ ಅಂಥವಳಲ್ಲ. ಹಾಗಾದರೆ ತಪ್ಪು ಎಲ್ಲಿ? ಬೇರೆ ಯಾವ ಮಾಲಿನಲ್ಲಾದರೂ ಮಾರುವವನು ಮುಟ್ಟಿ ನೋಡಬಹುದು, ಮೂಸಿ ನೋಡಬಹುದು, ತೂಗಿ ನೋಡಬಹುದು. ಇದೊಂದರಲ್ಲಿ ಮಾತ್ರ ಮಂದಿ ಹೇಳಿದ್ದನ್ನು ನಂಬಬೇಕು. ಮಂದಿ ಇವತ್ತು ಏನೂ ಇಲ್ಲ ಎನ್ನುತ್ತಿದ್ದಾರೆ. ಲಗಮವ್ವ ಬಂದು ಇಳಿದ ಕೂಡಲೆ ಹಾಳೆ ನೋಡಿ ‘ಇದರಾಗ ಏನೂ ಇಲ್ಲರಿ’ ಎಂದರೆ, ಆ ಮಾತಿಗಿಂತ ಮುಂಚೆ ಇದನ್ನು ಸುತ್ತಿ ಪೈಪಿಗೆ ಹಾಕುವುದೇ ಲೇಸು. ಅಲ್ಲಿಗೆ ಹಗ್ಗದ ಕಥೆಯೂ ಮುಗಿದಂತೆ.

ಮಧ್ಯಾಹ್ನ ಸಂತೆ ತುಸು ತಣ್ಣಗಾಗುತ್ತದೆ. ರಾಮದುರ್ಗದ ಬಸ್ಸಿನ ಹೊತ್ತು ಹತ್ತಿರವಾಗುತ್ತಿದೆ. ಗುರುಬಸವ್ವ ತಕ್ಕಡಿ ಪಕ್ಕಕ್ಕಿಟ್ಟು, ಮಡಚಿದ ಖಾಲಿ ಚೀಲಕ್ಕೆ ತಲೆ ಕೊಟ್ಟು, ಬೇವಿನ ನೆರಳಿನಲ್ಲಿ ಮಗ್ಗುಲಾಗುತ್ತಾರೆ. ಊಟವಾದ ಮೇಲೆ ಒಂದು ಗಳಿಗೆ ಹೀಗೆ ಒರಗುವುದು ಅವರ ವಾಡಿಕೆ. ನಿದ್ದೆ ಮಾಡುವುದಿಲ್ಲ, ಕಣ್ಣು ಅರ್ಧ ತೆರೆದೇ ಇರುತ್ತದೆ; ಮೆಣಸಿನಕಾಯಿಯ ಚೀಲಕ್ಕೆ ಯಾರಾದರೂ ಕೈ ಹಾಕಿದರೆ ಗೊತ್ತಾಗಬೇಕಲ್ಲ. ಶಟ್ಟೆಪ್ಪ ಜೋಳದ ಹಾಳೆಯ ಕ್ಲಿಪ್ಪಿಗೆ ಕೈ ಹಾಕುತ್ತಾರೆ.

‘ತಡಿ!’

ಶಟ್ಟೆಪ್ಪ ತಿರುಗುತ್ತಾರೆ. ಗುರುಬಸವ್ವ ಎದ್ದಿಲ್ಲ. ಮಲಗಿದಲ್ಲೇ, ಕೆನ್ನೆ ಚೀಲಕ್ಕೆ ಅಂಟಿದಂತೆಯೇ ಹಾಳೆಯನ್ನು ನೋಡುತ್ತಿದ್ದಾರೆ. ಹುಬ್ಬು ಸಡಿಲಾಗಿದೆ. ರೆಪ್ಪೆ ಅರ್ಧ ಇಳಿದಿದೆ. ಉಸಿರು ನಿಂತಿದೆ. ಶಟ್ಟೆಪ್ಪನವರಿಗೆ ಆ ಮುಖ ಗೊತ್ತು. ಕ್ಲಿಪ್ಪಿನ ಮೇಲಿನ ಕೈಯನ್ನು ಅವರು ಹಾಗೆಯೇ ಬಿಡುತ್ತಾರೆ, ತಾವೂ ಉಸಿರು ಹಿಡಿಯುತ್ತಾರೆ.

‘ಅಯ್ಯ ಶಿವನ... ರೊಟ್ಟಿ ಬಡಿಯಾಕತ್ತಾಳಲ್ಲೋ!’

ಕಿವಿಯಲ್ಲಿ ಹೇಳುವ ನಿಯಮ ಮುರಿದುಹೋಗುತ್ತದೆ. ಇಡೀ ಸಾಲಿಗೆ ಕೇಳಿಸುತ್ತದೆ. ಗುರುಬಸವ್ವ ಗಡಬಡಿಸಿ ಎದ್ದು ಕೂರುತ್ತಾರೆ. ‘ಹೋದ್ಲು! ಎಲ್ಲಿ ಹೋದ್ಲೋ?’ ಮತ್ತೆ ಮಲಗುತ್ತಾರೆ. ‘ಬಂದ್ಲು!’ ಮತ್ತೆ ಏಳುತ್ತಾರೆ. ‘ಹೋದ್ಲು!’

ಅಂಗಡಿಯಿಂದ ಮಹಾಂತಪ್ಪ ಓಡಿ ಬರುತ್ತಾರೆ. ಮೆಣಸಿನಕಾಯಿ ಚೀಲಗಳ ನಡುವೆ ಮಲಗಿ ಏಳುತ್ತಿರುವ ಗುರುಬಸವ್ವನವರನ್ನೂ, ಹಾಳೆಯನ್ನೂ ನೋಡಿ, ‘ಬಿಸಿಲ ಬಡದೈತಿ ಆಕಿಗೆ. ನೀರ ಕೊಡ್ರಿ’ ಎನ್ನುತ್ತಾರೆ.

ಶಟ್ಟೆಪ್ಪನವರಿಗೆ ಮಾತ್ರ ಆಗ ಹೊಳೆಯುತ್ತದೆ. ಮಿರಜಿನ ಹಾಳೆಗಳ ಅಂಚಿನಲ್ಲಿ ಪ್ರೆಸ್ಸಿನ ಹೆಸರು ಇರುತ್ತಿತ್ತು. ಹೆಸರು ಇದ್ದ ಕಡೆ ಕೆಳಗೆ. ಚಿತ್ರ ಕಾಣದವರಿಗೆ ಅದೇ ಗುರುತು. ಈ ಹಾಳೆ ಚೌಕ, ಕಾಳಿಗೆ ಮೇಲು ಕೆಳಗು ಇಲ್ಲ, ಹೆಸರು ಬೇಡವೆಂದು ತಾವೇ ಹೇಳಿದ್ದಾರೆ. ಬೆಳಿಗ್ಗೆಯಿಂದ ಹಾಳೆಯನ್ನು ಅಡ್ಡ ಮಗ್ಗುಲಿಗೆ ಸಿಕ್ಕಿಸಿದ್ದಾರೆ. ಕಣ್ಣುಗಳು ಅಕ್ಕಪಕ್ಕ ಇರುತ್ತವೆ, ಹಾಳೆಯೊಳಗೆ ವಿನ್ಯಾಸ ಸರಿಸಿದ್ದೂ ಅಕ್ಕಪಕ್ಕವೇ ಇರಬೇಕು. ಇಲ್ಲಿ ಅದು ಮೇಲೆ ಕೆಳಗೆ ಆಗಿಹೋಗಿದೆ. ಯರಗಟ್ಟಿಯ ಸಂತೆಯೆಲ್ಲ ನೆಟ್ಟಗೆ ನಿಂತು ನೋಡಿದ್ದನ್ನು ಗುರುಬಸವ್ವ ಒಬ್ಬರೇ ಮಲಗಿ ನೋಡಿದ್ದಾರೆ.

ಅವರು ಹಾಳೆಯನ್ನು ಕಿತ್ತು, ಕಾಲು ಸುತ್ತು ತಿರುಗಿಸಿ, ಮತ್ತೆ ಸಿಕ್ಕಿಸುತ್ತಾರೆ. ಗುರುಬಸವ್ವ ಈಗ ಕುಳಿತೇ ನೋಡುತ್ತಾರೆ. ‘ಕುಂತಾಳ ನೋಡ, ಮಾರಾಣಿ ಹಂಗ! ರೊಟ್ಟಿ ಎಷ್ಟ ದುಂಡಗ ಐತಿ!’

ಟ್ರಿಣ್, ಟ್ರಿಣ್, ಟ್ರಿಣ್. ಇಡೀ ದಿನ ಕಾದಿದ್ದ ಗಂಟೆಯನ್ನು ಶಟ್ಟೆಪ್ಪ ಒಂದೇ ಉಸಿರಿಗೆ ಹೊಡೆಯುತ್ತಾರೆ. ಭಜಿ ಕಡಾಯಿಯ ಮುಂದಿದ್ದವರು ಬರುತ್ತಾರೆ, ಬಸ್ಸು ಕಾಯುತ್ತಿದ್ದವರು ಬರುತ್ತಾರೆ, ಬೆಳಿಗ್ಗೆ ಕ್ವಿಂಟಲ್ ಬೆಲೆ ಕೇಳಿ ಹೋದವರೂ ತಿರುಗಿ ಬರುತ್ತಾರೆ. ಕೈಗಳು ಬೆನ್ನ ಹಿಂದೆ ಹೋಗುತ್ತವೆ. ಒಬ್ಬೊಬ್ಬರ ಮುಖದ ಮೇಲೂ ಆ ಮೌನ ಇಳಿಯುತ್ತದೆ. ಒಬ್ಬ ಮುದುಕಿ ನೋಡಿ ಕಿವಿಯಲ್ಲಿ ಏನೂ ಹೇಳದೆ, ಹಾಳೆಯ ಕಡೆಗೆ ಕೈ ನೀಡಿ, ರೊಟ್ಟಿಯನ್ನು ಎತ್ತಿಕೊಳ್ಳುವವಳಂತೆ ಬೆರಳು ಕೂಡಿಸುತ್ತಾಳೆ. ಶಟ್ಟೆಪ್ಪ ಅದಕ್ಕೂ ಗಂಟೆ ಹೊಡೆಯುತ್ತಾರೆ.

ಮಹಾಂತಪ್ಪ ಸಾಲಿನಲ್ಲಿ ನಿಂತು ತಮ್ಮ ಪಾಳಿ ಬಂದಾಗ ಬಗ್ಗಿ ಶಟ್ಟೆಪ್ಪನವರ ಕಿವಿಯಲ್ಲಿ ಪಿಸುಗುಡುತ್ತಾರೆ: ‘ರೊಟ್ಟಿ ಬಡಿಯಾಕತ್ತಾಳ.’

‘ಖರೇ ಕಂಡ್ಳೇನ್ರಿ ಸಾವಕಾರ್ರ?’

‘ಇಲ್ಲೋ. ಗುರುಬಸವ್ವ ಕೂಗಿದ್ದ ಕೇಳ್ದೆ. ಹೊಡಿಯೋ ಒಮ್ಮಿ.’

ಶಟ್ಟೆಪ್ಪ ಹೊಡೆಯುತ್ತಾರೆ. ಕಂಬದ ಋಣ ಅಂತ ಒಂದಿದೆ.

ಆ ಗದ್ದಲದೊಳಗೆ ಲಗಮವ್ವ ಬಂದು ನಿಂತಿರುವುದು ತುಸು ಹೊತ್ತು ಯಾರಿಗೂ ಗೊತ್ತಾಗುವುದಿಲ್ಲ. ಕಂಕುಳಲ್ಲಿ ಗಂಟು, ಗಂಟಿನಲ್ಲಿ ಮಗಳ ಮನೆಯ ಅಂಟಿನುಂಡೆ. ಗುರುಬಸವ್ವನವರೇ ಮೊದಲು ನೋಡಿ ಪಕ್ಕದಲ್ಲಿ ಕೂರಿಸಿಕೊಂಡು ಚಹಾ ತರಿಸುತ್ತಾರೆ.

‘ಕೂಸು ಯಾರಂಗ ಐತಿ ಲಗಮವ್ವಾ?’

‘ಅಜ್ಜನಂಗ. ಎಲ್ಲಾರ ಮಾರೀನೂ ನೋಡಕೋತ ಸುಮ್ನ ಮಲಗತೈತಿ.’

ಲಗಮವ್ವ ಚಹಾದ ಲೋಟ ತೆಗೆದುಕೊಂಡು ಹೊಸ ಹಾಳೆಯ ಕಡೆ ನೋಡುತ್ತಾರೆ. ಅವರಿಗೆ ಹಾಳೆಯ ಹಿಂದೆ ದೂರದ ಬಸ್ಸು ನೋಡಬೇಕಾದ ಅಗತ್ಯವೇ ಇಲ್ಲ. ಲೋಟ ತುಟಿಗೆ ಮುಟ್ಟುವುದರೊಳಗೆ ಕಂಡುಬಿಡುತ್ತದೆ. ಶಟ್ಟೆಪ್ಪ ಗಿರಾಕಿಗಳನ್ನು ಬಿಟ್ಟು ಆ ಮುಖವನ್ನೇ ನೋಡುತ್ತಿದ್ದಾರೆ.

‘ಚಲೋ ಬಂದೈತ್ರಿ. ಆದ್ರ ಪ್ರಣಿತಾಗ ರೊಟ್ಟಿ ಮಾಡಾಕ ಬರೂದಿಲ್ಲ ನೋಡ್ರಿ. ಎಡಗೈಲೆ ಬಡಿಯೂ ಹಂಗ ತಗದಾಳ. ಎಡಗೈಲೆ ಯಾರ ಬಡೀತಾರ?’ ಒಂದು ಗುಟುಕು ಕುಡಿದು, ನಕ್ಕು, ‘ನನ್ನಂಥಾಕಿ ಒಬ್ಬಾಕಿ ಬಿಟ್ಟು’ ಎಂದು ಸೇರಿಸುತ್ತಾರೆ. ‘ಮತ್ತ ಮೈಯಾಗ ತುಸು ದಪ್ಪನೂ ಆಗ್ಯಾಳ.’

ಗುರುಬಸವ್ವ ಲೋಟ ಹಿಡಿದ ಲಗಮವ್ವನ ಎಡಗೈ ನೋಡುತ್ತಾರೆ. ಹಾಳೆ ನೋಡುತ್ತಾರೆ. ಬಾಗಿದ ಬೆನ್ನು ನೋಡುತ್ತಾರೆ. ‘ಅಯ್ಯ ಯವ್ವಾ, ಇದು...’ ಎಂದು ಬಾಯಿ ತೆರೆಯುತ್ತಾರೆ.

ಟ್ರಿಣ್, ಟ್ರಿಣ್, ಟ್ರಿಣ್, ಟ್ರಿಣ್.

‘ಯಾರೂ ಏನೂ ಹೇಳಿಲ್ಲಲಾ, ಗಂಟಿ ಯಾಕ ಬಾರಸಾಕತ್ತೀರಿ?’ ಲಗಮವ್ವ ಕೇಳುತ್ತಾರೆ.

‘ಏನಿಲ್ಲ. ಗಂಟಿ ನಡುನಡುವ ಹಿಡಕೊಳ್ಳಾಕತ್ತಿತ್ತು. ನೋಡ್ದೆ.’

ಗುರುಬಸವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೆಣಸಿನಕಾಯಿ ತೂಗಲು ಹೋಗುತ್ತಾರೆ. ಆ ದಿನ ಒಬ್ಬ ಗಿರಾಕಿಗೆ ಒಂದು ಹಿಡಿ ಹೆಚ್ಚು ಬಿದ್ದಿರಬೇಕು.

ಸಂಜೆ ಹಗ್ಗ ಬಿಚ್ಚುವಾಗ ಹೊಸ ಹಾಳೆಗಳು ಕೆಲವೇ ಉಳಿದಿವೆ. ಶಟ್ಟೆಪ್ಪ ಪ್ರಣಿತಾಗೆ ಫೋನು ಮಾಡುತ್ತಾರೆ. ‘ಮುಂದಿನ ಸರ್ತಿ ತೆಳಗ ಹೆಸರ ಹಾಕವಾ. ಶಟ್ಟೆಪ್ಪ, ಸಂಗೊಳ್ಳಿ ಅಂತ. ಸಣ್ಣ ಅಕ್ಷರದಾಗ ಸಾಕು.’ ಆ ಕಡೆಯಿಂದ ಏನೋ ಚೇಷ್ಟೆಯ ಮಾತು ಬಂದಿರಬೇಕು, ಅವರು ನಾಚಿ ನಗುತ್ತಾರೆ. ‘ಹೆಸರಿಗಲ್ಲವಾ. ಯಾವ ಮಗ್ಗಲಾ ತೆಳಗ ಅಂತ ಗೊತ್ತಾಗಬೇಕಲಾ, ಅದಕ್ಕ.’

ಊರಿನ ಬಸ್ಸಿನಲ್ಲಿ ಲಗಮವ್ವ ಒಂದು ಹಾಳೆಯನ್ನು ಮಡಿಲಲ್ಲಿ ಹರಡಿಕೊಂಡು ಕೂರುತ್ತಾರೆ. ಹೊರಗೆ ಕತ್ತಲಾಗಲು ಇನ್ನೂ ಹೊತ್ತಿದೆ. ಬಸ್ಸು ಕುಲುಕಿದಾಗ ಹಾಳೆಯೊಳಗಿನ ಹೆಂಗಸು ಮರೆಯಾಗುತ್ತಾಳೆ, ರಸ್ತೆ ಸಮನಾದಾಗ ಮತ್ತೆ ಬಂದು ಕೂರುತ್ತಾಳೆ ಎಂದು ಆಕೆ ಗಂಡನಿಗೆ ವರದಿ ಒಪ್ಪಿಸುತ್ತಾರೆ. ಶಟ್ಟೆಪ್ಪ ಹಾಳೆಯ ಕಡೆಗೆ ನೋಡುವುದಿಲ್ಲ, ನೋಡುವವಳ ಕಡೆಗೆ ನೋಡುತ್ತಾರೆ.

‘ಇದನ್ನ ಒಲಿ ಮ್ಯಾಲಿನ ಗ್ವಾಡಿಗೆ ಹಚ್ಚೂಣ್ರಿ.’

‘ಹಚ್ಚೂಣು.’

‘ಆ ಹೆಣಮಗಳು ಯಾರಂತ ಪ್ರಣಿತಾನ ಕೇಳ್ರಿ. ಆಕಿಗೂ ಒಂದ ಹಾಳಿ ಮುಟ್ಟಸಬೇಕಲಾ. ತನ್ನ ಚಿತ್ರ ಸಂತ್ಯಾಗ ಹಾಕ್ಯಾರ ಅಂತ ಪಾಪ ಆಕಿಗೆ ಗೊತ್ತಿರಾಕಿಲ್ಲ.’

‘ಮುಟ್ಟೇತಿ ಬಿಡು’ ಎನ್ನುತ್ತಾರೆ ಶಟ್ಟೆಪ್ಪ, ಕಿಟಕಿಯ ಕಡೆ ತಿರುಗಿ.

ಸಂಗೊಳ್ಳಿ ಬರುತ್ತದೆ. ಪೈಪು ಅವರ ಹೆಗಲ ಮೇಲೆ, ಹಾಳೆ ಆಕೆಯ ಕೈಯಲ್ಲಿ. ಇಬ್ಬರೂ ಇಳಿದು ಮನೆಯ ಕಡೆ ನಡೆಯುತ್ತಾರೆ. ಆ ಹೆಣ್ಣುಮಗಳು ನೀನೇ ಎಂದು ಶಟ್ಟೆಪ್ಪ ಹೇಳಲಿಲ್ಲ.